ಸೂಳೆಕೆರೆಯಿಂದ ರಂಗಶಂಕರಕ್ಕೆ: ಬೆಂಗಳೂರಿನಲ್ಲಿ ಎರಡು ದಿನ ನಾಟಕ ನೋಡುವ ಬಗೆ

ಸೂಳೆಕೆರೆ ಅಚ್ಚುಕಟ್ಟಿನ ಊರುಗಳಲ್ಲಿ ನಾಟಕವೆಂದರೆ ರಾತ್ರಿ ಊಟ ಮುಗಿಸಿ ಚಾಪೆ ಹಿಡಿದು ಹೊರಡುವ ಸಂಗತಿ. ಹತ್ತಕ್ಕೆ ಅಂದದ್ದು ಹನ್ನೊಂದಕ್ಕೆ ಶುರುವಾದರೂ ಯಾರೂ ಕೇಳುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರೆಂದರೆ ಕುರುಕ್ಷೇತ್ರ ಮುಗಿಯುವುದು ಬೆಳಗಿನ ಜಾವಕ್ಕೆ. ನಡುವೆ ಎದ್ದು ಟೀ ಕುಡಿದು ಬರಬಹುದು, ದುರ್ಯೋಧನನ ಎದೆಗೆ ನೋಟು ಚುಚ್ಚಿ ಮೈಕಿನಲ್ಲಿ ಹೆಸರು ಕೂಗಿಸಬಹುದು, ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಅಂದು ಇನ್ನೊಮ್ಮೆ ಹಾಡಿಸಬಹುದು. ಹತ್ತಿರದ ದಾವಣಗೆರೆಯಂತೂ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಆ ಮನೆತನದ ಚಿಂದೋಡಿ ಲೀಲಾ ಅವರ ‘ಪೊಲೀಸನ ಮಗಳು’ ನೋಡಿದ ಹಿರಿಯರು ನಮ್ಮ ಕಡೆ ಈಗಲೂ ಸಿಗುತ್ತಾರೆ. ವೃತ್ತಿ ರಂಗಭೂಮಿಗೆಂದೇ ಇರುವ ರಂಗಾಯಣವನ್ನು ಸರ್ಕಾರ ದಾವಣಗೆರೆಯಲ್ಲಿ ಇಟ್ಟದ್ದೂ ಇದೇ ಕಾರಣಕ್ಕೆ.

ಹೀಗಾಗಿ ನಮ್ಮ ಕಡೆಯವರಿಗೆ ನಾಟಕ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ನಾಟಕ ಬೇರೆ ಗಡಿಯಾರದ ಮೇಲೆ ನಡೆಯುತ್ತದೆ ಎಂಬುದನ್ನು ಮಾತ್ರ ತಿಳಿದುಕೊಂಡು ಹೋಗಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಶನಿವಾರ–ಭಾನುವಾರ ಅಲ್ಲಿಗೆ ಹೋಗಿ ಎರಡು ಮೂರು ಒಳ್ಳೆಯ ನಾಟಕ ನೋಡಿ ಸೋಮವಾರ ಬೆಳಿಗ್ಗೆ ಮನೆ ಸೇರಬೇಕೆನ್ನುವವರಿಗೆ ಈ ಬರಹ.

ಮೊದಲು ತಿಳಿಯಬೇಕಾದದ್ದು, ಅಲ್ಲಿ ನಾಟಕ ನಿಮಗಾಗಿ ಕಾಯುವುದಿಲ್ಲ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ 1952ರಲ್ಲಿ ಶುರುವಾದದ್ದು, ಕೋವಿಡ್ ಕಾಲದಲ್ಲಿ ನಿಂತದ್ದು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. ಅಲ್ಲಿಗೆ ಹೋಗುವವರು ಪ್ರಯಾಣದ ದಿನ ಗೊತ್ತುಮಾಡಿಕೊಂಡು ಆಮೇಲೆ ನಾಟಕ ಹುಡುಕಬಹುದು. ನಮ್ಮ ಕಂಪನಿಗಳೂ ಒಂದೂರಿನಲ್ಲಿ ಕ್ಯಾಂಪು ಹಾಕಿದರೆ ಜನ ಬರುವವರೆಗೆ ತಿಂಗಳುಗಟ್ಟಲೆ ಅದೇ ನಾಟಕ ಆಡುತ್ತವೆ. ಬೆಂಗಳೂರಿನ ಹವ್ಯಾಸಿ ತಂಡದ ಕತೆ ಹಾಗಲ್ಲ. ನಟರಲ್ಲಿ ಬಹುಪಾಲು ಜನ ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿಯುವವರು. ಕೆಲಸ ಮುಗಿಸಿ ಬಂದು ಒಂದೆರಡು ತಿಂಗಳು ಸಂಜೆ ಹೊತ್ತು ತಾಲೀಮು ಮಾಡುತ್ತಾರೆ. ಆಮೇಲೆ ಒಂದು ದಿನದ ಮಟ್ಟಿಗೆ ರಂಗಮಂದಿರ ಬಾಡಿಗೆಗೆ ಹಿಡಿಯುತ್ತಾರೆ. ಬೆಳಿಗ್ಗೆ ಸೆಟ್ಟು ಕಟ್ಟಿ, ಮಧ್ಯಾಹ್ನ ಬೆಳಕು ಹೊಂದಿಸಿ, ಸಂಜೆ ಆಡಿ, ರಾತ್ರಿಯೇ ಬಿಚ್ಚಿ ಗಾಡಿಗೆ ತುಂಬುತ್ತಾರೆ. ಮಂದಿರದ ಬಾಡಿಗೆ, ದೀಪ, ಪ್ರಸಾಧನ, ಸಾಗಣೆ ಎಲ್ಲ ಸೇರಿದರೆ ಒಂದು ಪ್ರದರ್ಶನದ ಟಿಕೆಟ್ಟಿನ ಹಣ ಖರ್ಚಿಗೇ ಸಾಲದೆ ಹೋಗುವುದುಂಟು. ಅದಕ್ಕೇ ಎಷ್ಟೋ ಒಳ್ಳೆಯ ನಾಟಕ ಒಂದು ಸಂಜೆ ಆಡಿ, ಮತ್ತೆ ರಂಗಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಇದು ಗೊತ್ತಿದ್ದರೆ ಉಳಿದ ಲೆಕ್ಕವೆಲ್ಲ ಸುಲಭ. ಮೊದಲು ನಾಟಕ ಆರಿಸಿ, ಅದರ ದಿನಕ್ಕೆ ಬಸ್ಸು ಹಿಡಿಯಿರಿ. ಬಿಡುವಿದ್ದಾಗ ಹೋಗಿ ಏನಿದೆಯೋ ನೋಡೋಣ ಎಂದು ಹೊರಟರೆ ಕೈಗೆ ಹತ್ತುವುದು ಕಡಿಮೆ.

ಆರಿಸುವುದು ಹೇಗೆ? ರಂಗಶಂಕರ ತನ್ನ ತಿಂಗಳ ಪಟ್ಟಿಯನ್ನು ಮುಂಚಿತವಾಗಿ ಜಾಲತಾಣದಲ್ಲಿ ಹಾಕುತ್ತದೆ. ಬುಕ್‌ಮೈಶೋ ತೆರೆದು ಬೆಂಗಳೂರು, ನಾಟಕ, ಕನ್ನಡ ಎಂದು ಆರಿಸಿದರೆ ಟಿಕೆಟ್ಟಿಟ್ಟ ಪ್ರದರ್ಶನಗಳು ಸಿಗುತ್ತವೆ. ಆದರೆ ಕನ್ನಡ ನಾಟಕಗಳಲ್ಲಿ ದೊಡ್ಡ ಪಾಲು ಅಲ್ಲಿ ಕಾಣುವುದೇ ಇಲ್ಲ. ರವೀಂದ್ರ ಕಲಾಕ್ಷೇತ್ರ, ನಯನ ಮುಂತಾದ ಕಡೆ ನಡೆಯುವ ಎಷ್ಟೋ ಪ್ರದರ್ಶನಗಳ ಸುದ್ದಿ ತಂಡಗಳ ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಪೋಸ್ಟರು, ಬೆಂಗಳೂರು ಆವೃತ್ತಿಯ ಪತ್ರಿಕೆಗಳಲ್ಲಿ ಬರುವ ‘ನಗರದಲ್ಲಿ ಇಂದು’ ಥರದ ಅಂಕಣಗಳಲ್ಲಿ ಮಾತ್ರ ಸಿಗುತ್ತದೆ. ನಮ್ಮೂರಿಗೆ ಬರುವ ಆವೃತ್ತಿಯಲ್ಲಿ ಆ ಅಂಕಣ ಇರುವುದಿಲ್ಲ, ಇ–ಪೇಪರ್ ನೋಡಬೇಕು. ಬೆನಕ, ನಟರಂಗ, ಸಮುದಾಯ, ಸ್ಪಂದನ, ಕಲಾಗಂಗೋತ್ರಿ, ರಂಗಸಂಪದ ಮೊದಲಾದ ಹಳೆಯ ತಂಡಗಳ ಹೆಸರು ನೆನಪಿಟ್ಟುಕೊಂಡರೆ ಒಳ್ಳೆಯದು. ಶ್ರೀರಂಗರ ‘ಸತ್ತವರ ನೆರಳು’ ನಾಟಕವನ್ನು ಬಿ.ವಿ. ಕಾರಂತರ ಸಂಗೀತದೊಂದಿಗೆ ಬೆನಕ ದಶಕಗಳ ಕಾಲ ಆಡಿಕೊಂಡು ಬಂದಿದೆ. ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ 1980ರಲ್ಲಿ ರಂಗಕ್ಕೆ ಬಂದು, ಅದರ ನಾಯಕ ನಟನಿಗೆ ಮುಖ್ಯಮಂತ್ರಿ ಚಂದ್ರು ಎಂಬ ಹೆಸರನ್ನೇ ಕೊಟ್ಟಿತು. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟು: ಹಾಡು–ಕುಣಿತ ತುಂಬಿದ ಒಂದು ಹಳೆಯ ನಾಟಕ, ಹೊಸಬರ ಒಂದು ನಾಟಕ, ಹೀಗೆ ಬೆರೆಸಿಕೊಳ್ಳಿ. ಬರೀ ಮಾತಿನ, ಮಂದ ಬೆಳಕಿನ ಎರಡು ನಾಟಕ ಒಂದರ ಹಿಂದೊಂದು ನೋಡಿದರೆ ಕಾರಂತರ ರಂಗಸಂಗೀತದ ಪರಿಚಯವೇ ಆಗದೆ ವಾಪಸು ಬರುತ್ತೀರಿ. ಕಂಪನಿ ನಾಟಕದ ಮಟ್ಟುಗಳನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಅದು ದಕ್ಕುವಷ್ಟು ನಗರದವರಿಗೇ ದಕ್ಕಲಿಕ್ಕಿಲ್ಲ.

ಇನ್ನು ರಂಗಮಂದಿರಗಳು. ಬೆಂಗಳೂರಿನಲ್ಲಿ ಇವು ಊರ ತುಂಬ ಇವೆ. ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ, ವೈಟ್‌ಫೀಲ್ಡ್‌ನಲ್ಲಿ ಜಾಗೃತಿ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ, ಬಸವೇಶ್ವರನಗರದಲ್ಲಿ ಒಂದು, ಗಾಂಧಿನಗರದಲ್ಲಿ ಗುಬ್ಬಿ ವೀರಣ್ಣನವರ ಹೆಸರಿನದೊಂದು. ಎರಡೇ ದಿನಕ್ಕೆ ಹೋದವರು ಇಷ್ಟೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಕನ್ನಡ ನಾಟಕದ ಮಟ್ಟಿಗೆ ಜೆ.ಸಿ. ರಸ್ತೆ, ಹನುಮಂತನಗರ, ಜೆ.ಪಿ. ನಗರ ಈ ಮೂರು ಸಾಕು. ಮೂರೂ ನಗರದ ದಕ್ಷಿಣ ಭಾಗದಲ್ಲೇ ಇವೆ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ, 1963ರಲ್ಲಿ ತೆರೆದದ್ದು. ದೊಡ್ಡ ಮಂದಿರ, ಬಾಲ್ಕನಿಯೂ ಇದೆ. ನಾಟಕಕ್ಕಾದರೆ ಕೆಳಗೇ, ನಡುವಿನ ಸಾಲಿಗಿಂತ ಮುಂದೆ ಕೂರುವುದು ಮೇಲು. ಅದರ ಹಿಂದೆ ಸಂಸ ಬಯಲು ರಂಗಮಂದಿರವಿದೆ. ಅಲ್ಲಿಗೆ ಹೋದರೆ ಒಂದು ನಿಮಿಷ ನಿಂತು ನೋಡಿ. 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಆ ಬಯಲಿನಲ್ಲಿ ಬಿ.ವಿ. ಕಾರಂತರು ಲಂಕೇಶರ ‘ಸಂಕ್ರಾಂತಿ’ ಮತ್ತು ‘ಈಡಿಪಸ್’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿದರು. ಕನ್ನಡ ಹವ್ಯಾಸಿ ರಂಗಭೂಮಿ ಮಗ್ಗುಲು ಬದಲಿಸಿದ್ದು ಆಗ. ಪಕ್ಕದ ಕನ್ನಡ ಭವನದೊಳಗೆ ನಯನ ಎಂಬ ಸಣ್ಣ ಸಭಾಂಗಣವಿದೆ, ಹೊಸ ತಂಡಗಳಿಗೆ ಅದೇ ತವರು. ಈ ಆವರಣದ ಕಾರ್ಯಕ್ರಮಗಳಿಗೆ ಒಂದು ವಿಶೇಷ ಉಂಟು. ಆಹ್ವಾನ ಪತ್ರಿಕೆಯಲ್ಲಿ ಐದೂವರೆ ಎಂದಿದ್ದರೆ ಅದು ಹಲವು ಸಲ ಸಭೆಯ ಹೊತ್ತು. ದೀಪ ಬೆಳಗಿ, ಸನ್ಮಾನ ಮುಗಿದು, ನಾಟಕ ಶುರುವಾಗುವಾಗ ಏಳಾದರೂ ಆಗಬಹುದು. ಪತ್ರಿಕೆಯಲ್ಲಿ ನಾಟಕದ ಹೊತ್ತನ್ನು ಬೇರೆ ಹಾಕಿದ್ದಾರೆಯೇ ನೋಡಿಕೊಳ್ಳಿ. ಒಂದೇ ಸಂಜೆ ಎರಡು ಕಡೆ ನಾಟಕ ನೋಡುವ ಲೆಕ್ಕ ಇಲ್ಲಿ ಬೇಡ. ಪ್ರವೇಶ ಕೆಲವೊಮ್ಮೆ ಉಚಿತ, ಇಲ್ಲದಿದ್ದರೆ ಬಾಗಿಲಲ್ಲೇ ಟಿಕೆಟ್ಟು.

ಹನುಮಂತನಗರದ ಕೆ.ಎಚ್. ಕಲಾಸೌಧ ಇನ್ನೂ ಚಿಕ್ಕದು, ರಾಮಾಂಜನೇಯ ಗುಡ್ಡದ ಬಳಿ ಇದೆ. ವಾರದ ಕೊನೆಗೆ ಇಲ್ಲಿ ನಗೆನಾಟಕ, ಹೊಸ ಪ್ರಯೋಗ ಎರಡೂ ಸಿಗುತ್ತವೆ.

ರಂಗಶಂಕರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಜಿಲ್ಲೆಯ ಹೆಸರು ಅದರ ಕತೆಯೊಳಗೆ ಸೇರಿಕೊಂಡಿದೆ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ತೀರಿಕೊಂಡದ್ದು ದಾವಣಗೆರೆ ಹತ್ತಿರದ ಆನಗೋಡು ಬಳಿ, ಹೆದ್ದಾರಿಯ ಅಪಘಾತದಲ್ಲಿ. ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆಂದು ಹೊರಟಿದ್ದರು. ದಾವಣಗೆರೆ ಮೇಲೆ ಹಾಯ್ದು ಬೆಂಗಳೂರಿಗೆ ಹೋಗುವ ನಮ್ಮ ಬಸ್ಸುಗಳು ಇವತ್ತಿಗೂ ಆ ಊರು ದಾಟಿಯೇ ಹೋಗುತ್ತವೆ. ಶಂಕರ್ ನೆನಪಿಗೆಂದು ಪತ್ನಿ ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಹಣ ಕೂಡಿಸಿ ಜೆ.ಪಿ. ನಗರ ಎರಡನೇ ಹಂತದಲ್ಲಿ ಕಟ್ಟಿದ ರಂಗಶಂಕರ 2004ರ ಅಕ್ಟೋಬರ್‌ನಲ್ಲಿ ತೆರೆಯಿತು. ಸುಮಾರು 300 ಜನ ಕೂರುವ ಮಂದಿರ. ವೇದಿಕೆ ಮುಂದಕ್ಕೆ ಚಾಚಿಕೊಂಡಿದ್ದು, ಮೂರು ಕಡೆಯಿಂದ ಪ್ರೇಕ್ಷಕರು ಅದನ್ನು ಸುತ್ತುವರಿದಿರುತ್ತಾರೆ. ಎಲ್ಲಿ ಕೂತರೂ ನಟನ ಮುಖ ಕಾಣುತ್ತದೆ, ಉಸಿರೂ ಕೇಳುತ್ತದೆ. ತಂಡಗಳಿಗೆ ಕಡಿಮೆ ಬಾಡಿಗೆಗೆ ಮಂದಿರ ಕೊಡುವುದು, ಸೋಮವಾರ ಬಿಟ್ಟು ದಿನವೂ ನಾಟಕ ಇರುವಂತೆ ನೋಡಿಕೊಳ್ಳುವುದು ಅದರ ಪದ್ಧತಿ.

ಇಲ್ಲಿಯ ಹೊತ್ತಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಸಂಜೆ ಏಳೂವರೆ ಅಂದರೆ ಏಳೂವರೆ. ಬಾಗಿಲು ಮುಚ್ಚಿದರೆ ಟಿಕೆಟ್ಟು ಕೈಯಲ್ಲಿದ್ದರೂ ಒಳಗೆ ಬಿಡುವುದಿಲ್ಲ. ಎಂಥ ದೊಡ್ಡ ಮನುಷ್ಯರಿಗೂ ಇದೇ ನಿಯಮ. ನಾವು ದೂರದ ಊರಿಂದ ಬಂದವರು ಅಂದರೂ ನಡೆಯದು, ನಡೆಯಲೂಬಾರದು. ಅಷ್ಟು ಹತ್ತಿರದ ವೇದಿಕೆಯ ಮುಂದೆ ಕತ್ತಲಲ್ಲಿ ಒಬ್ಬರು ತಡವರಿಸುತ್ತ ಬಂದರೆ ನಟನ ಗಮನವೂ ಪ್ರೇಕ್ಷಕರ ಗಮನವೂ ಒಟ್ಟಿಗೆ ಕದಡುತ್ತದೆ. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೆ ಒಂದು, ರಾತ್ರಿ ಏಳೂವರೆಗೆ ಒಂದು ಎಂದು ಎರಡು ಪ್ರದರ್ಶನ. ಕುರ್ಚಿಗೆ ನಂಬರು ಇರುವುದಿಲ್ಲವಾದ್ದರಿಂದ ಮೊದಲು ಸಾಲು ನಿಂತವರಿಗೆ ಒಳ್ಳೆಯ ಜಾಗ. ಮುಕ್ಕಾಲು ಗಂಟೆ ಮುಂಚೆ ಹೋದರೆ ಕೆಳಗಿನ ಕೆಫೆಯಲ್ಲಿ ಸಾಬೂದಾನಿ ವಡೆ ತಿನ್ನಲೂ ಹೊತ್ತು ಸಿಗುತ್ತದೆ.

ಪ್ರಯಾಣಕ್ಕೆ ಶುಕ್ರವಾರ ರಾತ್ರಿಯೇ ಸರಿ. ಚನ್ನಗಿರಿಯಿಂದ ರಾತ್ರಿ ಬಸ್ಸು ಹಿಡಿಯಬಹುದು. ಕೆರೆಬಿಳಚಿ, ತ್ಯಾವಣಿಗೆ ಕಡೆಯವರು ದಾವಣಗೆರೆಗೆ ಹೋದರೆ ಬಸ್ಸೂ ಇದೆ, ನಡುರಾತ್ರಿ ಕಳೆದ ಮೇಲೆ ಬರುವ ರಾಣಿ ಚೆನ್ನಮ್ಮ ರೈಲೂ ಇದೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಅಲ್ಲಿಂದ ಬೆಳಗಿನ ಜನಶತಾಬ್ದಿ ಹಿಡಿದರೂ ಶನಿವಾರದ ಸಂಜೆಗೆ ಧಾರಾಳ ಸಮಯ ಉಳಿಯುತ್ತದೆ. ಜಗಳೂರಿನವರು ಚಿತ್ರದುರ್ಗಕ್ಕೆ ಬಂದು ಹೆದ್ದಾರಿ ಬಸ್ಸು ಹಿಡಿಯುವುದು ಸಲೀಸು. ಒಂದು ಎಚ್ಚರಿಕೆ: ಧಾರವಾಡ ಕಡೆಯಿಂದ ಮಧ್ಯಾಹ್ನ ಹೊರಟು ದಾವಣಗೆರೆ ಮೇಲೆ ಬರುವ ವಂದೇ ಭಾರತ್ ಬೆಂಗಳೂರು ಮುಟ್ಟುವಾಗ ಸಂಜೆ ಏಳು ದಾಟಿರುತ್ತದೆ. ವೇಗದ ರೈಲು ಎಂದು ನಂಬಿ ಅದೇ ದಿನದ ನಾಟಕಕ್ಕೆ ಟಿಕೆಟ್ಟು ತೆಗೆಯಬೇಡಿ.

ಬಸ್ಸಿನವರು ಮೆಜೆಸ್ಟಿಕ್‌ವರೆಗೆ ಹೋಗಿ, ಅಲ್ಲೇ ಲಾಡ್ಜ್ ಹಿಡಿಯುವುದು ರೂಢಿ. ನಾಟಕಕ್ಕೆಂದು ಹೋಗುವವರು ಈ ರೂಢಿ ಬಿಡುವುದು ವಾಸಿ. ನಮ್ಮ ಬಸ್ಸುಗಳು ಬೆಂಗಳೂರು ಹೊಗುವುದೇ ತುಮಕೂರು ರಸ್ತೆಯಿಂದ. 2024ರ ನವೆಂಬರ್‌ನಲ್ಲಿ ನಮ್ಮ ಮೆಟ್ರೊದ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಚಾಚಿದೆ. ನಾಗಸಂದ್ರದಲ್ಲೋ ಯಶವಂತಪುರದಲ್ಲೋ ಇಳಿದು ಹಸಿರು ಮಾರ್ಗ ಹತ್ತಿದರೆ, ಮೆಜೆಸ್ಟಿಕ್ ದಾಟಿ ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಜಯನಗರ, ಆರ್.ವಿ. ರಸ್ತೆ ಎಂದು ಸೀದಾ ದಕ್ಷಿಣಕ್ಕೆ ಒಯ್ಯುತ್ತದೆ. ಬಸವನಗುಡಿಯಲ್ಲೋ ಜಯನಗರದಲ್ಲೋ ಒಂದು ಕೋಣೆ ಹಿಡಿಯಿರಿ. ಅಲ್ಲಿಂದ ಕಲಾಕ್ಷೇತ್ರ ಒಂದು ಕಡೆ, ಕಲಾಸೌಧ ಒಂದು ಕಡೆ, ರಂಗಶಂಕರ ಇನ್ನೊಂದು ಕಡೆ. ಮೂರಕ್ಕೂ ಆಟೊದಲ್ಲಿ ಹೋಗಿಬರುವ ದೂರ. ರಂಗಶಂಕರಕ್ಕೆ ಮೆಟ್ರೊದಲ್ಲೇ ಹೋಗುವುದಾದರೆ ಆರ್.ವಿ. ರಸ್ತೆಯಲ್ಲಿ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಿ ರಾಗಿಗುಡ್ಡದಲ್ಲಿ ಇಳಿದು ಆಟೊ ಹಿಡಿಯಬಹುದು. ಶನಿವಾರ ಸಂಜೆ ರಸ್ತೆಯ ಮೇಲೆ ಮಾತ್ರ ಭರವಸೆ ಇಡಬೇಡಿ. ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಎಂದು ಹಿಡಿದು ಹೊರಟರೆ ಕ್ಷೇಮ.

ಎರಡು ದಿನವನ್ನು ಹೀಗೆ ಜೋಡಿಸಬಹುದು. ಶನಿವಾರ ಬೆಳಿಗ್ಗೆ ಕೋಣೆ ಸೇರಿ ಮಲಗಿಬಿಡಿ. ರಾತ್ರಿ ಬಸ್ಸಿನ ನಿದ್ದೆಗೆಟ್ಟ ಮೈಯನ್ನು ಕತ್ತಲ ಮಂದಿರದ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದರೆ ನಾಟಕವೆಲ್ಲ ನಿದ್ದೆಗೆ ಹೋಗುತ್ತದೆ. ಮಧ್ಯಾಹ್ನ ಗಾಂಧಿಬಜಾರಿಗೆ ಹೋಗಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಯ ಜೊತೆಗೆ ಅಂಕಿತ ಪುಸ್ತಕ ಮಳಿಗೆಯೂ ಅಲ್ಲಿದೆ. ಸಂಜೆ ನೋಡಲಿರುವ ನಾಟಕ ಅಚ್ಚಾಗಿದ್ದರೆ ಕೊಂಡು ಮೊದಲ ದೃಶ್ಯವನ್ನಾದರೂ ಓದಿ. ಊರ ನಾಟಕದ ಕತೆ ನಮಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ನಟ ಅದನ್ನು ಹೇಗೆ ಆಡಿದ ಎಂಬುದರ ಮೇಲೆ ಕಣ್ಣಿಡಲು ಆಗುವುದು. ಹೊಸ ನಾಟಕಕ್ಕೆ ಆ ಅನುಕೂಲವನ್ನು ಪುಸ್ತಕ ಕೊಡುತ್ತದೆ. ಶನಿವಾರ ಸಂಜೆ ಕಲಾಕ್ಷೇತ್ರ ಅಥವಾ ಕಲಾಸೌಧ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ಮೂರೂವರೆಗೆ ರಂಗಶಂಕರ. ಹೆಚ್ಚಿನ ನಾಟಕಗಳು ಒಂದೂವರೆಯಿಂದ ಎರಡು ಗಂಟೆಯೊಳಗೆ ಮುಗಿಯುತ್ತವೆ, ಹಾಗಾಗಿ ಆರರೊಳಗೆ ಹೊರಗೆ ಬಂದು ಊಟ ಮುಗಿಸಿ ರಾತ್ರಿ ಬಸ್ಸಿಗೆ ನಿರಾಳವಾಗಿ ಹೋಗಬಹುದು. ಏಳೂವರೆಯ ಆಟವನ್ನೂ ನೋಡಲೇಬೇಕೆಂದರೆ ಹನ್ನೊಂದರ ನಂತರದ ಬಸ್ಸಿಗೆ ಸೀಟು ಕಾದಿರಿಸಿ. ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ ಎಂಬುದೂ ನೆನಪಿರಲಿ. ಖರ್ಚಿನ ಮಾತು ಹೇಳುವುದಾದರೆ, ಹವ್ಯಾಸಿ ತಂಡಗಳ ಟಿಕೆಟ್ಟು ಹೆಚ್ಚಾಗಿ 100ರಿಂದ 300 ರೂಪಾಯಿ ಒಳಗೇ ಇರುತ್ತದೆ. ಸಿನಿಮಾ ತಾರೆಯರು ಆಡುವ ಮುಂಬೈ ನಾಟಕಗಳ ದರ ಇದರ ಹಲವು ಪಟ್ಟು. ಜೇಬು ಬರಿದು ಮಾಡುವುದು ಕೋಣೆ ಮತ್ತು ಆಟೊ, ನಾಟಕವಲ್ಲ.

ಮಂದಿರದೊಳಗಿನ ರೀತಿ ಸ್ವಲ್ಪ ಬೇರೆ. ನಮ್ಮೂರ ಸ್ಟೇಜಿನ ಮೇಲೆ ಮೈಕುಗಳು ತೂಗುತ್ತಿರುತ್ತವೆ, ಹಾಡುವವರು ಅದರ ಕೆಳಗೆ ಬಂದು ನಿಲ್ಲುತ್ತಾರೆ. ಇಲ್ಲಿ, ಅದರಲ್ಲೂ ಸಣ್ಣ ಮಂದಿರಗಳಲ್ಲಿ, ನಟರು ಮೈಕಿಲ್ಲದೆ ಆಡುವುದೇ ಹೆಚ್ಚು. ಬರೀ ಕಂಠದ ಮಾತು ಕೊನೆಯ ಸಾಲಿಗೆ ಮುಟ್ಟಬೇಕಾದರೆ ಪ್ರೇಕ್ಷಕರ ಮೌನವೂ ಬೇಕು. ಮೊಬೈಲನ್ನು ಸೈಲೆಂಟಿಗೆ ಹಾಕಿದರೆ ಸಾಲದು, ಆರಿಸಿಬಿಡಬೇಕು, ಪರದೆಯ ಬೆಳಕೂ ಕಣ್ಣಿಗೆ ಹೊಡೆಯುತ್ತದೆ. ಫೋಟೊ, ವಿಡಿಯೊ ಬೇಡ. ಎಳೆಯ ಮಕ್ಕಳಿದ್ದರೆ ಮಕ್ಕಳ ನಾಟಕವನ್ನೇ ಆರಿಸಿ. ರಂಗಶಂಕರದಲ್ಲಿ ಅದಕ್ಕೆ ‘ಆಹಾ’ ಎಂಬ ಪ್ರತ್ಯೇಕ ಯೋಜನೆಯೇ ಇದೆ. ಇಷ್ಟೆಂದ ಮಾತ್ರಕ್ಕೆ ಉಸಿರು ಬಿಗಿಹಿಡಿದು ಕೂರಬೇಕಿಲ್ಲ. ನಗು ಬಂದರೆ ಬಾಯಿತುಂಬ ನಗಿ, ಹಾಡು ಮುಗಿದಾಗ ಚಪ್ಪಾಳೆ ಹೊಡೆಯಿರಿ. ತಡೆಯಿಲ್ಲದೆ ನಗುವ ಪ್ರೇಕ್ಷಕರು ನಾಲ್ವರಿದ್ದರೂ ಸಾಕು, ನಟರ ಕಳೆ ಏರುತ್ತದೆ.

ರಾತ್ರಿಯಿಡೀ ನಾಟಕ ನೋಡುವ ನಮ್ಮ ಅಭ್ಯಾಸ ನಗರದಲ್ಲಿಯೂ ಬಳಕೆಗೆ ಬಂದದ್ದುಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯ ನಿರ್ದೇಶಿಸಿ, ಹಂಸಲೇಖ ಸಂಗೀತ ಕೊಟ್ಟ ಪ್ರಯೋಗ 2010ರಲ್ಲಿ ಮೈಸೂರಿನ ರಂಗಾಯಣದಲ್ಲೂ ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಸುಮಾರು ಒಂಬತ್ತು ಗಂಟೆ ಕಾಲ, ಇರುಳು ಪೂರ್ತಿ ನಡೆಯಿತು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕಿತ್ತು. ಅಂಥದ್ದು ಮತ್ತೆ ನಡೆಯುವ ಸುದ್ದಿ ಬಂದರೆ ಉಳಿದೆಲ್ಲ ಬಿಟ್ಟು ಅದಕ್ಕೇ ಹೋಗಿ. ಅದಕ್ಕೆ ಬೇಕಾದ ಮೈಯೂ ಮನಸ್ಸೂ ನಮ್ಮ ಕಡೆಯವರಲ್ಲಿದೆ.

ಯಾವ ತಿಂಗಳು ಹೋಗಬೇಕು ಎಂಬುದನ್ನು ಅಡಿಕೆಯೇ ಹೇಳುತ್ತದೆ. ಕೊಯ್ಲು, ಸುಲಿತ, ಬೇಯಿಸುವ ಕೆಲಸ ಆಗಸ್ಟಿನಿಂದ ವರ್ಷದ ಕೊನೆಯವರೆಗೆ ಯಾರನ್ನೂ ಬಿಡುವುದಿಲ್ಲ. ಅದೇ ಹೊತ್ತಿಗೆ, ಅಕ್ಟೋಬರ್–ನವೆಂಬರ್ ಆಸುಪಾಸಿನಲ್ಲಿ, ರಂಗಶಂಕರದ ವಾರ್ಷಿಕ ನಾಟಕೋತ್ಸವ ಬರುತ್ತದೆ. ಕೈಯಾಳು ಸಿಕ್ಕಿ ಎರಡು ದಿನ ತಪ್ಪಿಸಿಕೊಳ್ಳಲು ಆದರೆ ಅದು ಒಳ್ಳೆಯ ಕಾಲ. ಇಲ್ಲದಿದ್ದರೆ ಸಂಕ್ರಾಂತಿ ಕಳೆದ ಮೇಲೆ, ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಸುತ್ತಮುತ್ತ ಹೋಗಿ. ಮಳೆಯ ಭಯವಿಲ್ಲದೆ ಬಯಲು ರಂಗಮಂದಿರದಲ್ಲೂ ಕೂರಬಹುದು.

ಬೆಂಗಳೂರೇ ಆಗಬೇಕೆಂದೂ ಇಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ ಕಟ್ಟಿದ ಬಯಲು ರಂಗಮಂದಿರದಲ್ಲಿ ನವೆಂಬರ್ ಮೊದಲ ವಾರದ ಸುಮಾರಿಗೆ ನಾಟಕೋತ್ಸವ ನಡೆಯುತ್ತದೆ. ನಮ್ಮ ಕಡೆಯವರು ಟೆಂಪೊ ಮಾಡಿಕೊಂಡು ಹೋಗಿ ಅದೇ ರಾತ್ರಿ ವಾಪಸು ಬರುತ್ತಾರೆ. ಅಲ್ಲಿಯ ಶಿವಸಂಚಾರ 1997ರಿಂದ, ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ವರ್ಷ ವರ್ಷವೂ ಹೊಸ ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತಿವೆ. ಈ ಎರಡು ತಂಡಗಳನ್ನು ನೋಡಲು ಬೆಂಗಳೂರಿಗೆ ಹೋಗುವ ಬದಲು ಕರೆಸಿಕೊಳ್ಳುವುದೇ ಸರಿ. ಶಾಲೆ, ಸಂಘ, ಮಠ ಯಾವುದಾದರೂ ಮುಂದಾಗಿ ಮುಂಗಡವಾಗಿ ದಿನ ಗೊತ್ತುಮಾಡಬೇಕು. ತಂಡ ಕೇಳುವ ಅಳತೆಯ ಸ್ಟೇಜು, ದೀಪಗಳ ಭಾರ ತಾಳುವ ವಿದ್ಯುತ್ ಸಂಪರ್ಕ, ಬಂದವರಿಗೆ ಊಟ, ಮಲಗಲು ಜಾಗ, ಗೊತ್ತಾದ ಸಂಭಾವನೆ ಇಷ್ಟನ್ನು ಒದಗಿಸಬೇಕು.

ಬೆಂಗಳೂರಿನ ಹವ್ಯಾಸಿ ತಂಡಗಳೂ ಕರೆದರೆ ಬರುತ್ತವೆ. ನಾಟಕ ಮುಗಿದ ಕೂಡಲೇ ಎದ್ದು ಹೊರಡಬೇಡಿ. ನಟರು ಸ್ವಲ್ಪ ಹೊತ್ತಿಗೆ ಬಣ್ಣ ಒರೆಸಿಕೊಂಡು ಬಾಗಿಲ ಬಳಿಗೆ ಬರುತ್ತಾರೆ. ನಿರ್ದೇಶಕರು ಯಾರೆಂದು ಕೇಳಿ ಮಾತಾಡಿಸಿ, ಊರ ಹೆಸರು ಹೇಳಿ, ನಿಮ್ಮಲ್ಲಿ ಎಂಥ ಸ್ಟೇಜಿದೆ, ಎಷ್ಟು ಜನ ಸೇರುತ್ತಾರೆ ಎಂದು ತಿಳಿಸಿ. ಎಷ್ಟು ಮಂದಿ ನಟರು, ಸೆಟ್ಟಿಗೆ ಎಂಥ ಗಾಡಿ ಬೇಕು, ಶನಿವಾರ ಆಡಿ ಸೋಮವಾರ ಬೆಳಿಗ್ಗೆ ಅವರು ಕೆಲಸಕ್ಕೆ ಹಾಜರಾಗುವಂತೆ ಕಳಿಸಿಕೊಡಲು ಆಗುತ್ತದೆಯೇ ಎಂಬುದನ್ನು ಅಲ್ಲೇ ವಿಚಾರಿಸಿಕೊಂಡು, ಫೋನ್ ನಂಬರು ಬರೆದುಕೊಂಡು ಬಸ್ಸಿಗೆ ಹೊರಡಿ.